ಅಪ್ಪ ಅಮ್ಮ 18 ತಿಂಗಳ ಸೇವೆಗೆ ಘಾನಾಕ್ಕೆ ಹೊರಟಿದ್ದಾರೆ, ಕಳುಹಿಸಬಹುದಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ಮಂಜೇಶ್ವರದ ಹತ್ತಿರ. ಅಪ್ಪನಿಗೆ 67, ಕನ್ನಡ ಮೀಡಿಯಂ ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಅಮ್ಮನಿಗೆ 63, ನರ್ಸ್ ಆಗಿದ್ದರು. ಸಭೆಯ ಮೂಲಕ ಹಿರಿಯ ಮಿಷನರಿ ದಂಪತಿಯಾಗಿ 18 ತಿಂಗಳು ಘಾನಾ ದೇಶಕ್ಕೆ ಹೋಗಲು ಇಬ್ಬರೂ ಒಪ್ಪಿದ್ದಾರೆ. ಅಲ್ಲಿ ಅಪ್ಪನಿಗೆ ಶಾಲೆಯ ಲೈಬ್ರರಿ ಕೆಲಸ, ಅಮ್ಮನಿಗೆ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಸಹಾಯ. ಅಪ್ಪನಿಗೆ 12 ವರ್ಷದಿಂದ ಶುಗರ್ ಮತ್ತು ಬಿಪಿ, ಮಾತ್ರೆಯಲ್ಲೇ ಇದ್ದಾರೆ. ಅಮ್ಮನಿಗೆ ಮೊಣಕಾಲು ನೋವು. ನಾಲ್ಕು ವರ್ಷದ ಹಿಂದೆ ಖಿನ್ನತೆಗೂ ಸ್ವಲ್ಪ ಕಾಲ ಮಾತ್ರೆ ತೆಗೆದುಕೊಂಡಿದ್ದರು. 60 ದಾಟಿದವರಿಗೆ ಹಳದಿ ಜ್ವರದ ಲಸಿಕೆ ಕೊಟ್ಟರೆ ಜೀವಕ್ಕೇ ಅಪಾಯ, ಸುಮ್ನೆ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಸಾಕು ಎಂದು ಒಬ್ಬ ನೆಂಟರು ಹೇಳುತ್ತಾರೆ. ಮಂಗಳೂರಿನ ಮಲೇರಿಯಾ ಬಂದು ಹೋಗಿದೆಯಲ್ಲ, ಇನ್ನೇನು ಭಯ ಎಂದು ಅಪ್ಪ ಹೇಳುತ್ತಾರೆ. ಶನಿವಾರ ಅಲ್ಲಿಲ್ಲಿ ಸುತ್ತಾಡುವ ಆಸೆ ಇಬ್ಬರಿಗೂ ಇದೆ. ಆದರೆ ಸಭೆಯ ಒಬ್ಬ ಹಿರಿಯರು, ಸೇವೆಗೆ ಹೋಗುವುದೋ ಟೂರಿಗೋ ಎಂದು ಕೇಳಿಬಿಟ್ಟರು. ಅಪ್ಪನಿಗೆ ಅದು ತುಂಬ ಬೇಜಾರಾಗಿದೆ. ತಮ್ಮನಂತೂ ಈ ವಯಸ್ಸಿನಲ್ಲಿ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾನೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಲಸಿಕೆ, ಮಲೇರಿಯಾ, ತಿರುಗಾಟ ಎಂದು ಬೇರೆ ಬೇರೆಯಾಗಿ ಕೇಳಿದ್ದೀರಿ. ಆದರೆ ನಿಮಗೂ ನಿಮ್ಮ ತಮ್ಮನಿಗೂ ನಿದ್ದೆ ಕೆಡಿಸಿರುವುದು ಒಂದೇ ಸಂಗತಿ. ಅಷ್ಟು ದೂರದಲ್ಲಿ ಅವರಿಗೆ ಏನಾದರೂ ಆದರೆ ನಾವು ಇಲ್ಲಿ ಕೂತು ಏನು ಮಾಡುವುದು, ಅಲ್ವಾ? ಅದಕ್ಕೂ ಉತ್ತರ ಉಂಟು, ಹೇಳುತ್ತೇನೆ.

ನಾನು ಈ ಜಿಲ್ಲೆಯಲ್ಲಿ ವೈದ್ಯನಾಗಿ 30 ವರ್ಷ ಕಳೆದಿದ್ದೇನೆ. ಗಲ್ಫಿನಲ್ಲಿರುವ ಮಕ್ಕಳ ಮನೆಗೆ ಹೊರಟವರು, ಹಜ್‌ಗೆ ಹೊರಟವರು, ಜೆರುಸಲೇಮ್ ನೋಡಲು ಹೊರಟವರು, ಎಷ್ಟೋ ಹಿರಿಯರು ಹೊರಡುವ ಮೊದಲು ನನ್ನ ಎದುರು ಕೂತಿದ್ದಾರೆ. ನಡುವೆ ಎರಡು ವರ್ಷ ನಾನೇ ಘಾನಾದ ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ನಿಮ್ಮ ಅಪ್ಪ ಅಮ್ಮನ ವಯಸ್ಸಿನ ದಂಪತಿಗಳು ಅಲ್ಲಿ ಹೇಗೆ ಬಾಳಿದರು, ಯಾರು ಚೆನ್ನಾಗಿದ್ದರು, ಯಾರು ಅರ್ಧದಲ್ಲೇ ವಾಪಸ್ ಹೊರಟರು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಪಶ್ಚಿಮ ಆಫ್ರಿಕಾ ಎಂದರೆ ಜ್ವರ, ಜ್ವರ ಎಂದರೆ ಸಾವು ಎಂಬ ಭಯಕ್ಕೆ ಹಳೆಯ ಕಾರಣ ಇದೆ. ನಿಮ್ಮ ಸಭೆಯವರಿಗೆ 1834 ಗೊತ್ತಿರುತ್ತದೆ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ನಮ್ಮ ಕರಾವಳಿಗೆ ಬಂದ ವರ್ಷ ಅದು. ಅದಕ್ಕೂ ಮೊದಲು, 1828ರಲ್ಲಿ, ಅದೇ ಬಾಸೆಲ್‌ನವರು ಈಗಿನ ಘಾನಾಕ್ಕೆ ನಾಲ್ವರನ್ನು ಕಳುಹಿಸಿದ್ದರು. ಮೂರ್ನಾಲ್ಕು ವರ್ಷದೊಳಗೆ ನಾಲ್ವರೂ ತೀರಿಹೋದರು. ಆಗ ಜ್ವರ ಎಲ್ಲಿಂದ ಬರುತ್ತದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಅದೂ ನಮ್ಮ ಸಿಕಂದರಾಬಾದಿನಲ್ಲಿ. ಈಗ ಸೊಳ್ಳೆ ಗೊತ್ತು, ಮಾತ್ರೆ ಇದೆ, ಲಸಿಕೆ ಇದೆ. ಇಂದು ಊರು ಬಿಟ್ಟು ಹೋದಲ್ಲಿ ಸಾಯುವ ಹಿರಿಯರಲ್ಲಿ ಹೆಚ್ಚಿನವರಿಗೆ ಕಾರಣ ಹೃದಯದ ತೊಂದರೆ. ಅದರ ನಂತರ ರಸ್ತೆ ಅಪಘಾತ, ಬೀಳುವುದು. ಸೋಂಕು ರೋಗಗಳ ಪಾಲು ಸಣ್ಣದು. ಆದರೆ ಎಲ್ಲರೂ ಕೇಳುವುದು ಸೋಂಕಿನ ಬಗ್ಗೆಯೇ. ನೀವು ಅಪ್ಪನ ಎದೆಯ ಬಗ್ಗೆ ಒಂದು ಸಾಲೂ ಬರೆದಿಲ್ಲ ನೋಡಿ.

ಮೊದಲು ಲಸಿಕೆ. ಹಳದಿ ಜ್ವರಕ್ಕೂ ನಮ್ಮಲ್ಲಿ ಬರುವ ಕಾಮಾಲೆಗೂ ಸಂಬಂಧ ಇಲ್ಲ. ಚಿಕ್ಕವರಿದ್ದಾಗ ಕಾಮಾಲೆ ಬಂದಿತ್ತು, ಹಾಗಾಗಿ ಲಸಿಕೆ ಬೇಡ ಎಂದು ವಾದಿಸುವವರು ನನಗೆ ವರ್ಷಕ್ಕೆ ಒಬ್ಬರಾದರೂ ಸಿಗುತ್ತಾರೆ. ಹಳದಿ ಜ್ವರ ಹಗಲು ಕಚ್ಚುವ ಸೊಳ್ಳೆಯಿಂದ ಬರುವ ವೈರಸ್ ರೋಗ. ಅದಕ್ಕೆ ಇಂಥದೇ ಎನ್ನುವ ಔಷಧಿ ಇಲ್ಲ. ತೀವ್ರ ಹಂತಕ್ಕೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ಘಾನಾಕ್ಕೆ ಕಾಲಿಡಲು ಈ ಲಸಿಕೆಯ ಕಾರ್ಡ್ ಬೇಕೇ ಬೇಕು. ಒಂದು ಡೋಸ್ ಸಾಕು. ಹಾಕಿಸಿ 10 ದಿನದ ನಂತರ ಕಾರ್ಡ್ ಚಾಲ್ತಿಗೆ ಬರುತ್ತದೆ, 2016ರ ಜುಲೈಯಿಂದ ಅದು ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ.

ನಿಮ್ಮ ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಇದು ಜೀವಂತ ವೈರಸ್ಸಿನ ಲಸಿಕೆ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮ ಆಗುವ ಸಾಧ್ಯತೆ ಚಿಕ್ಕವರಿಗಿಂತ ಜಾಸ್ತಿ. ಜಾಸ್ತಿ ಎಂದರೆ ಲಕ್ಷ ಮಂದಿಯಲ್ಲಿ ಬೆರಳೆಣಿಕೆಯಷ್ಟು. ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ಥೈಮಸ್ ಗ್ರಂಥಿಯ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ತೆಗೆದುಕೊಳ್ಳುವವರು ಹಾಕಿಸಿಕೊಳ್ಳಲೇಬಾರದು. ಶುಗರ್ ಹತೋಟಿಯಲ್ಲಿದ್ದರೆ ಅಡ್ಡಿಯಿಲ್ಲ. ನಿಮ್ಮ ಅಪ್ಪ ಅಮ್ಮನಿಗೆ ಇಂಥದ್ದೇನೂ ಇಲ್ಲದಿದ್ದರೆ ಹಾಕಿಸಿಕೊಳ್ಳಲಿ ಎಂದೇ ನನ್ನ ಸಲಹೆ. ಹಾಕಿಸಿದ ಮೇಲೆ ಎರಡು ಮೂರು ವಾರ ಊರಲ್ಲೇ ಇರಲಿ, ಜ್ವರ ಬಂದರೆ ನೋಡಲು ನಾವಿದ್ದೇವೆ. ಆರೋಗ್ಯದ ಕಾರಣಕ್ಕೆ ಲಸಿಕೆ ಆಗದು ಎಂದು ವೈದ್ಯರು ಪತ್ರ ಕೊಡುವ ದಾರಿಯೂ ಇದೆ. ಆದರೆ ಆ ಪತ್ರ ಸೊಳ್ಳೆಯನ್ನು ತಡೆಯುವುದಿಲ್ಲ. ಅದನ್ನು ಒಪ್ಪುವುದೂ ಬಿಡುವುದೂ ಆ ದೇಶದ ಅಧಿಕಾರಿಗೆ ಸೇರಿದ್ದು.

ದುಡ್ಡು ಕೊಟ್ಟು ಸುಳ್ಳು ಸರ್ಟಿಫಿಕೇಟ್ ಮಾಡಿಸುವುದಂತೂ ಖಂಡಿತ ಬೇಡ. ಭಾರತದಲ್ಲಿ ಹಳದಿ ಜ್ವರ ಇಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ನಮ್ಮ ಅಡಿಕೆ ತೋಟದ ಹಾಳೆಯಲ್ಲೂ ತೆಂಗಿನ ಚಿಪ್ಪಿನಲ್ಲೂ ಮೊಟ್ಟೆ ಇಡುತ್ತದೆ. ಡೆಂಗಿ ತರುವುದೂ ಅದೇ ಸೊಳ್ಳೆ. ಒಬ್ಬರು ರೋಗ ಹೊತ್ತು ಬಂದರೆ ಸಾಕು. ಹಾಗಾಗಿಯೇ ಅಲ್ಲಿಂದ ಬರುವವರ ಬಳಿ ಸರಿಯಾದ ಕಾರ್ಡ್ ಇಲ್ಲದಿದ್ದರೆ ನಮ್ಮ ಸರ್ಕಾರ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ.

ಇನ್ನು ಮಲೇರಿಯಾ. ಅಪ್ಪನ ಮಾತು ಕೇಳಿ ನನಗೆ ಆತಂಕವಾಯಿತು. ಮಂಗಳೂರಿನಲ್ಲಿ ಹೆಚ್ಚಾಗಿ ಬರುತ್ತಿದ್ದುದು ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ. ಜನರನ್ನು ನಡುಗಿಸಿ, ಹಿಂಡಿ, ಬಿಟ್ಟು ಹೋಗುತ್ತದೆ. ಘಾನಾದಲ್ಲಿ ಬಹುಪಾಲು ಫಾಲ್ಸಿಪಾರಂ ಎಂಬ ಇನ್ನೊಂದು ಬಗೆ. ಅದು ಮೆದುಳಿಗೆ, ಕಿಡ್ನಿಗೆ ಹೋಗಬಹುದು. ಮೊದಲ ಜ್ವರದಿಂದ ಎರಡು ಮೂರು ದಿನದಲ್ಲೇ ಪರಿಸ್ಥಿತಿ ಕೈಮೀರಬಹುದು. ಒಂದು ಬಂದವರಿಗೆ ಇನ್ನೊಂದರಿಂದ ರಕ್ಷಣೆ ಸಿಗುವುದಿಲ್ಲ. ಅಲ್ಲಿಗೆ ಹೋದ ಮೇಲೆ ಇನ್ನೊಂದು ಮಾತು ಕೇಳಿಬರುತ್ತದೆ. ಇಲ್ಲಿನವರು ಯಾರೂ ಮಾತ್ರೆ ನುಂಗುವುದಿಲ್ಲ, ನಿಮಗೇಕೆ ಎಂದು. ಅಲ್ಲಿನ ದೊಡ್ಡವರು ಹುಟ್ಟಿದಾಗಿನಿಂದ ಮತ್ತೆ ಮತ್ತೆ ಮಲೇರಿಯಾ ಕಂಡು ಅರ್ಧ ರಕ್ಷಣೆ ಗಳಿಸಿಕೊಂಡಿರುತ್ತಾರೆ. 67ನೇ ವಯಸ್ಸಿಗೆ ಹೋದವರಿಗೆ ಆ ಭಾಗ್ಯ ಇಲ್ಲ.

ತಡೆ ಮಾತ್ರೆಗಳಲ್ಲಿ ಮೂರು ಬಗೆ. ಅಟೊವಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿರುವ ಮಾತ್ರೆ ದಿನಕ್ಕೊಂದು, ಊಟದ ಜೊತೆ. ಹೆಚ್ಚಿನವರಿಗೆ ಒಗ್ಗುತ್ತದೆ. ಆದರೆ ದುಬಾರಿ, ಕಿಡ್ನಿ ತುಂಬಾ ಸೋತಿದ್ದರೆ ಆಗದು. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆಯನ್ನು ಅಪ್ಪನಿಗೆ ಮಾಡಿಸಿ ನೋಡದೆ ಅದನ್ನು ಬರೆಯಲಾರೆ. ಡಾಕ್ಸಿಸೈಕ್ಲಿನ್ ಅಗ್ಗ, ಅದೂ ದಿನಕ್ಕೊಂದು. ಊಟ ಮಾಡಿ, ಒಂದು ಲೋಟ ತುಂಬ ನೀರಿನಲ್ಲಿ ನುಂಗಬೇಕು. ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಮೂರನೆಯದು ವಾರಕ್ಕೊಂದರಂತೆ ಮೆಫ್ಲೋಕ್ವಿನ್. ಕೇಳಲು ಸುಲಭ. ಆದರೆ ಖಿನ್ನತೆ ಇದ್ದವರಿಗೆ ಅದು ಬೇಡ, ಹಾಗಾಗಿ ಅಮ್ಮನಿಗೆ ಕೊಡುವ ಮಾತೇ ಇಲ್ಲ. ಅಮ್ಮ ಮಾತ್ರೆ ತೆಗೆದುಕೊಂಡಿದ್ದನ್ನು ನೀವು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ಎಷ್ಟೋ ಮನೆಯವರು ಅದನ್ನು ಡಾಕ್ಟರಿಗೂ ಹೇಳುವುದಿಲ್ಲ.

ಮಾತ್ರೆ ಶುರು ಮಾಡುವವರು ಬಹಳ, 18 ತಿಂಗಳು ಮುಂದುವರಿಸುವವರು ಕಡಿಮೆ. ಇಷ್ಟು ದಿನ ಏನೂ ಆಗಲಿಲ್ಲವಲ್ಲ ಎಂದು ಐದಾರು ತಿಂಗಳಿಗೆ ಕೈಬಿಡುತ್ತಾರೆ. ನನ್ನ ವಾರ್ಡಿಗೆ ಬಂದ ಪರದೇಶದವರು ಹೆಚ್ಚಾಗಿ ಇವರೇ. ಸೊಳ್ಳೆ ಪರದೆ, ಸಂಜೆ ಆರರ ನಂತರ ಉದ್ದ ತೋಳು, ಕಾಲಿಗೆ ಸೊಳ್ಳೆ ಕ್ರೀಮ್, ಇವೆಲ್ಲ ಮಾತ್ರೆಯ ಜೊತೆಗೇ ಇರಬೇಕು. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ನಾಳೆ ನೋಡೋಣ ಅನ್ನುವುದು ಬೇಡ. ಅಮ್ಮ ನರ್ಸ್ ಆಗಿದ್ದವರು, ಅವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಾಪಸ್ ಬಂದ ಮೇಲೂ ಒಂದು ವರ್ಷದವರೆಗೆ ಜ್ವರ ಬಂದರೆ, ಘಾನಾದಲ್ಲಿದ್ದೆ ಎಂದು ಮೊದಲೇ ಡಾಕ್ಟರಿಗೆ ಹೇಳಬೇಕು.

ಇಷ್ಟನ್ನು ಹೊರಡುವ ಮೊದಲೇ ತಯಾರಿ ಮಾಡಿಕೊಳ್ಳಬಹುದು. ಆದರೆ ಹಿರಿಯ ದಂಪತಿಗಳು ಸೋಲುವುದು ದಿನದಿನದ ಬಾಳಿನಲ್ಲಿ. ಅದನ್ನು ಯಾರೂ ಕೇಳುವುದಿಲ್ಲ.

ನಿಮ್ಮ ಅಪ್ಪನ ಈಗಿನ ದಿನ ನೆನೆಸಿಕೊಳ್ಳಿ. ಬೆಳಿಗ್ಗೆ ತೋಟಕ್ಕೊಂದು ಸುತ್ತು, ಪೇಪರ್, ಅಂಗಡಿ ಕಟ್ಟೆಯಲ್ಲಿ ನಾಲ್ಕು ಮಾತು, ಸಂಜೆ ಸಭೆಯ ಏನಾದರೊಂದು ಕಮಿಟಿ. ಅಮ್ಮನಿಗೆ ಸ್ತ್ರೀಯರ ಕೂಟ, ಅಕ್ಕತಂಗಿಯರ ಫೋನ್, ಮೊಮ್ಮಕ್ಕಳು. 40 ವರ್ಷ ಸಂಸಾರ ಮಾಡಿದ್ದರೂ ಇಬ್ಬರೂ ದಿನದಲ್ಲಿ ಎದುರೆದುರು ಇರುವುದು ಊಟದ ಹೊತ್ತಿಗೆ ಮಾತ್ರ. ಅಲ್ಲಿ ಎರಡು ಕೋಣೆಯ ಮನೆ, ಕರೆಂಟ್ ಹೋದರೆ ಫ್ಯಾನ್ ಇಲ್ಲ, ಮಾತಾಡಲು ಗೊತ್ತಿರುವವರು ಒಬ್ಬರಿಗೆ ಇನ್ನೊಬ್ಬರು ಮಾತ್ರ. ಕರೆಂಟ್ ಹೋಗಿ ಬರುವುದಕ್ಕೆ ಅಲ್ಲಿ ‘ಡುಮ್‌ಸೋರ್’ ಎಂಬ ಹೆಸರೇ ಇದೆ. ಮೊದಲ ಎರಡು ತಿಂಗಳು ಎಲ್ಲ ಹೊಸತು, ಚೆನ್ನಾಗಿರುತ್ತದೆ. ಮೂರನೇ, ನಾಲ್ಕನೇ ತಿಂಗಳಲ್ಲಿ ಜಗಳ ಶುರುವಾಗುತ್ತದೆ. ಮತ್ತೆ ಮೌನ.

ನನಗೆ ಗೊತ್ತಿದ್ದ ಒಂದು ದಂಪತಿ, ದಕ್ಷಿಣ ಭಾರತದವರೇ, ಸೇವೆಗೆ ಬಂದವರು ಸುತ್ತಬಾರದು ಎಂದು ಏಳು ತಿಂಗಳು ಎಲ್ಲಿಗೂ ಹೋಗಲಿಲ್ಲ. ಭಾನುವಾರ ಮೂರು ಗಂಟೆಯ ಆರಾಧನೆ, ಉಳಿದ ಆರೂ ದಿನ ಕೆಲಸ. ಒಂದು ದಿನ ಆ ತಾಯಿ ಎದೆ ಉರಿ ಎಂದು ನನ್ನ ಬಳಿ ಬಂದರು. ಇಸಿಜಿ ಸರಿ ಇತ್ತು. ಹಾಳೆಯನ್ನು ಮಡಚಿ ಅವರ ಕೈಗೆ ಕೊಟ್ಟೆ. ಅವರು ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ‘ಡಾಕ್ಟ್ರೇ, ಸಮುದ್ರ ಇಲ್ಲಿಂದ ಎಷ್ಟು ದೂರ?’ ಎಂದರು. ಇಪ್ಪತ್ತು ನಿಮಿಷದ ದಾರಿ. ಏಳು ತಿಂಗಳಲ್ಲಿ ಅವರು ಅದನ್ನು ನೋಡಿರಲಿಲ್ಲ. ಮುಂದಿನ ತಿಂಗಳೇ ಇಬ್ಬರೂ ಊರಿಗೆ ಹೊರಟರು.

ಹಾಗಾಗಿ ಶನಿವಾರದ ತಿರುಗಾಟವನ್ನು ನಾನು ಔಷಧಿ ಚೀಟಿಯಲ್ಲೇ ಬರೆಯುತ್ತೇನೆ. ನಿಮ್ಮ ಸಭೆಯ ಹಿರಿಯರಿಗೆ ಬೇಕಾದರೆ ನನ್ನ ಹೆಸರು ಹೇಳಿ. ವಾರಕ್ಕೊಂದು ದಿನ ಆ ಮನೆಯ ಬಾಗಿಲು ಹಾಕಿ ಇಬ್ಬರೂ ಹೊರಗೆ ಹೋಗಲೇಬೇಕು. ದೊಡ್ಡ ಟೂರ್ ಬೇಕಿಲ್ಲ. ಮಾರ್ಕೆಟ್‌ಗೆ ಹೋಗಿ ‘ಕೊಂಟೊಮಿರೆ’ ಎಂಬ ಸೊಪ್ಪು ತಂದರೂ ಆಯಿತು. ನಮ್ಮ ಕೆಸುವಿನ ಜಾತಿಯದೇ ಎಲೆ ಅದು. ಅಮ್ಮ ನೋಡಿದ ಕೂಡಲೇ ಪತ್ರೊಡೆಯ ಲೆಕ್ಕ ಹಾಕುತ್ತಾರೆ, ಬೇಕಾದರೆ ನೋಡಿ. ಮರಗೆಣಸು, ತೆಂಗಿನಕಾಯಿ, ಬಾಳೆ, ನೆಲಗಡಲೆ ಎಲ್ಲ ಅಲ್ಲಿವೆ.

ರಾಜಧಾನಿ ಅಕ್ರಾದಿಂದ ಒಂದು ಗಂಟೆ ದಾರಿಯಲ್ಲಿ ಅಬುರಿ ಎಂಬ ಗುಡ್ಡದ ಊರು. 1890ರಲ್ಲಿ ಶುರುವಾದ ಸಸ್ಯೋದ್ಯಾನ ಇದೆ, ಗಾಳಿ ತಣ್ಣಗೆ. ಅದೇ ಗುಡ್ಡಸಾಲಿನಲ್ಲಿ ಅಕ್ರೊಪಾಂಗ್ ಇದೆ. ಮೊದಲು ಹೋದವರೆಲ್ಲ ಕಡಲತೀರದಲ್ಲಿ ಜ್ವರಕ್ಕೆ ಬಲಿಯಾದ ಮೇಲೆ, ಬಾಸೆಲ್ ಮಿಷನ್ನಿನ ಆಂಡ್ರಿಯಾಸ್ ರೀಸ್ 1835ರಲ್ಲಿ ಹತ್ತಿ ಹೋಗಿ ನೆಲೆ ನಿಂತದ್ದು ಅಲ್ಲೇ. ನಿಮ್ಮ ಅಪ್ಪ ಅಮ್ಮ ಆ ಊರಿನಲ್ಲಿ ನಿಂತರೆ ಅವರಿಗೆ ಏನನ್ನಿಸಬಹುದು ಎಂದು ನಾನು ಊಹಿಸಬಲ್ಲೆ. ಹತ್ತಿರದ ಮಾಂಪಾಂಗ್‌ನಲ್ಲಿ ಟೆಟ್ಟೆ ಕ್ವಾರ್ಶಿ ಎಂಬವರು 1879ರಲ್ಲಿ ಕೊಕ್ಕೊ ನೆಟ್ಟ ತೋಟ ಇದೆ. ಘಾನಾದ ಕೊಕ್ಕೊ ಬೆಳೆಗೆ ಅದೇ ಮೂಲ ಎನ್ನುತ್ತಾರೆ. ಅಡಿಕೆಯ ನಡುವೆ ಕೊಕ್ಕೊ ಬೆಳೆದು ಕ್ಯಾಂಪ್ಕೋ ಸಹಕಾರ ಸಂಘಕ್ಕೆ ಕೊಡುವ ಊರಿನಿಂದ ಹೋದವರು ಅದನ್ನು ನೋಡದೆ ಬರಬಾರದು.

ಕೇಪ್ ಕೋಸ್ಟ್, ಎಲ್ಮಿನಾ ಕೋಟೆಗಳು ದೂರ. ಎಲ್ಮಿನಾ 1482ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಗುಲಾಮರನ್ನು ತುಂಬಿಟ್ಟ ನೆಲಮಾಳಿಗೆಗಳಲ್ಲಿ ಗಾಳಿ ಇಲ್ಲ, ಮೆಟ್ಟಿಲು ಸವೆದಿವೆ. ಮನಸ್ಸಿಗೂ ಅದು ಭಾರ. ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ, ರಾತ್ರಿ ಅಲ್ಲೇ ಉಳಿಯಲಿ. ಪಕ್ಕದ ಕಾಕುಮ್ ಕಾಡಿನಲ್ಲಿ ಮರದಿಂದ ಮರಕ್ಕೆ ಕಟ್ಟಿದ ಏಳು ತೂಗುಸೇತುವೆಗಳಿವೆ, ನೆಲದಿಂದ 30 ಮೀಟರಿಗೂ ಮೇಲೆ. ಅಮ್ಮನ ಮೊಣಕಾಲಿಗೆ ಅದು ಸಲ್ಲದು. ಕೆಳಗೆ ಮರದ ನೆರಳಲ್ಲಿ ಕೂತು ಎಳನೀರು ಕುಡಿಯಲಿ.

ತಿರುಗಾಟದಲ್ಲಿ ನಾನು ಭಯಪಡುವುದು ರಸ್ತೆಗೆ. ‘ಟ್ರೊಟ್ರೊ’ ಎನ್ನುವ ವ್ಯಾನುಗಳಲ್ಲಿ ಸೀಟ್ ಬೆಲ್ಟ್ ಇರುವುದು ಅಪರೂಪ, ಓಡಿಸುವುದು ನಮ್ಮ ಕೆಲವು ಬಸ್ಸುಗಳ ಹಾಗೆಯೇ. ಗೊತ್ತಿರುವ ಡ್ರೈವರ್, ಬೆಲ್ಟ್ ಇರುವ ಕಾರು, ಕತ್ತಲಾಗುವ ಮೊದಲು ಮನೆ. ಇದನ್ನು ಹೊರಡುವ ಮೊದಲೇ ಅವರಿಂದ ಒಪ್ಪಿಸಿಕೊಳ್ಳಿ. ಅಕ್ರಾದಲ್ಲಿ ರಸ್ತೆ ಪಕ್ಕದ ಚರಂಡಿಗಳಿಗೆ ಮುಚ್ಚಳ ಇಲ್ಲ. ಸಂಜೆ ಕರೆಂಟ್ ಇಲ್ಲದ ಹೊತ್ತಿನಲ್ಲಿ ಅದರೊಳಗೆ ಕಾಲಿಟ್ಟು ಸೊಂಟ ಮುರಿದುಕೊಂಡವರನ್ನು ನೋಡಿದ್ದೇನೆ. ಒಂದು ಒಳ್ಳೆಯ ಟಾರ್ಚ್, ಹಿಮ್ಮಡಿ ಬಿಗಿಯಾಗಿ ಹಿಡಿಯುವ ಚಪ್ಪಲಿ ಸೂಟ್‌ಕೇಸಿನಲ್ಲಿ ಇರಲಿ.

ಇನ್ನೊಂದು. ನಮ್ಮ ಕಡೆಯ ಗಂಡಸರು ಕೆರೆಯಲ್ಲಿ ಈಜಿ ಬೆಳೆದವರು, ನೀರು ಕಂಡರೆ ಇಳಿಯಬೇಕು ಅನ್ನಿಸುತ್ತದೆ. ವೋಲ್ಟಾ ಸರೋವರದಲ್ಲಿ, ಅಲ್ಲಿನ ಹೊಳೆಗಳಲ್ಲಿ ಕಾಲನ್ನೂ ಅದ್ದಬಾರದು. ಬಸವನಹುಳುವಿನಿಂದ ನೀರಿಗೆ ಬರುವ ಸಣ್ಣ ಹುಳು ಚರ್ಮ ತೂರಿ ಒಳಗೆ ಹೋಗುತ್ತದೆ. ಬಿಲ್ಹಾರ್ಜಿಯಾ ಎನ್ನುತ್ತಾರೆ. ಮೂತ್ರದಲ್ಲಿ ರಕ್ತ ಬರುವವರೆಗೂ ಗೊತ್ತಾಗುವುದಿಲ್ಲ. ದೋಣಿಯಲ್ಲಿ ಹೋಗಬಹುದು. ಸಮುದ್ರದಲ್ಲಿ ಒಳಸೆಳೆತ ಜೋರು, ದಡದಲ್ಲಿ ನಡೆದರೆ ಸಾಕು.

ಅಪ್ಪನ ಶುಗರ್‌ಗೆ ಬರೋಣ. ಫುಫು, ಬಂಕು, ಕೆಂಕೆ, ಎಲ್ಲ ಮರಗೆಣಸು, ಬಾಳೆ, ಮುಸುಕಿನ ಜೋಳದ ಹಿಟ್ಟಿನ ಮುದ್ದೆಗಳು. ಫುಫುವನ್ನು ಅಗಿಯದೆ ನುಂಗುತ್ತಾರೆ. ಮನೆಗೆ ಬಂದ ಹಿರಿಯರಿಗೆ ದೊಡ್ಡ ಮುದ್ದೆ ಬಡಿಸುವುದೇ ಮರ್ಯಾದೆ. ಬೇಡ ಎಂದರೆ ಬೇಸರಪಡುತ್ತಾರೆ, ನಮ್ಮವರ ಹಾಗೆಯೇ. ಅರ್ಧ ಮುದ್ದೆ, ಜಾಸ್ತಿ ಮೀನು, ಜಾಸ್ತಿ ಸೊಪ್ಪಿನ ಸಾರು ಎಂದು ಮೊದಲ ದಿನವೇ ನಗುತ್ತಾ ಹೇಳಿಬಿಡಲಿ. ಶನಿವಾರಗಳಲ್ಲಿ ಅಲ್ಲಿ ದೊಡ್ಡ ದೊಡ್ಡ ಶವಸಂಸ್ಕಾರಗಳು ನಡೆಯುತ್ತವೆ. ಮಿಷನರಿ ದಂಪತಿಯನ್ನು ಕರೆದೇ ಕರೆಯುತ್ತಾರೆ. ಹೋಗಬೇಕು, ಹೋಗದಿದ್ದರೆ ತಪ್ಪಾಗುತ್ತದೆ. ಆದರೆ ಪೆಂಡಾಲಿನ ನೆರಳಲ್ಲಿ ಕೂತು, ನೀರು ಕುಡಿಯುತ್ತಾ, ಮಧ್ಯಾಹ್ನಕ್ಕೆ ಎದ್ದು ಬರಲಿ.

ಮೂರು ತಿಂಗಳ ಮಾತ್ರೆ ಕೈಚೀಲದಲ್ಲೇ ಇರಬೇಕು. ಔಷಧಿಯ ಮೂಲ ಹೆಸರು ಬರೆದ ಚೀಟಿಯೂ ಜೊತೆಗಿರಲಿ, ಬ್ರ್ಯಾಂಡ್ ಹೆಸರು ಅಲ್ಲಿ ಬೇರೆ ಇರುತ್ತದೆ. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ನಡೆಯಲಿ. ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಹೊಸ ವಿಮೆಯಲ್ಲಿ ಎರಡೇ ಸಾಲು ಓದಿ: ಮೊದಲೇ ಇರುವ ಶುಗರ್, ಬಿಪಿಗೆ ಅನ್ವಯಿಸುತ್ತದಾ? ವಿಮಾನದಲ್ಲಿ ಊರಿಗೆ ತರುವ ಖರ್ಚು ಸೇರಿದೆಯಾ?

ಈಗ, ಏನಾದರೂ ಆದರೆ ಎಂಬ ಮಾತು. ಇಬ್ಬರನ್ನೂ ಕೂರಿಸಿ, ಯಾವ ಪರಿಸ್ಥಿತಿಯಲ್ಲಿ ವಾಪಸ್ ಬರುವುದು ಎಂದು ಈಗಲೇ ಒಂದು ಹಾಳೆಯಲ್ಲಿ ಬರೆಸಿ. ಒಬ್ಬರು ಎರಡನೇ ಸಲ ಆಸ್ಪತ್ರೆ ಸೇರಿದರೆ, ಅಮ್ಮನಿಗೆ ಮತ್ತೆ ಎರಡು ವಾರ ನಿದ್ದೆ ಬಾರದಿದ್ದರೆ, ಅಪ್ಪನಿಗೆ ಎದೆನೋವು ಬಂದರೆ. ಅಲ್ಲೇ ತೀರಿಕೊಂಡರೆ ಮಣ್ಣು ಎಲ್ಲಿ ಎಂದೂ ಕೇಳಿ. ಕೇಳಲು ಕಷ್ಟ. ಆದರೆ ಆ ವಯಸ್ಸಿನವರು ಅದನ್ನು ಯೋಚಿಸಿಯೇ ಇರುತ್ತಾರೆ, ಮಕ್ಕಳು ಕೇಳಿದರೆ ಅವರಿಗೇ ಹಗುರವಾಗುತ್ತದೆ.

ಹೋಗಬಹುದೇ? ಹೊರಡುವ ಎಂಟು ವಾರ ಮೊದಲು ಅಪ್ಪನಿಗೆ ಹೃದಯ ಪರೀಕ್ಷೆ, ಮೂರು ತಿಂಗಳ ಸರಾಸರಿ ಶುಗರ್, ಕ್ರಿಯಾಟಿನಿನ್, ಕಣ್ಣು ಮತ್ತು ಪಾದ ಪರೀಕ್ಷೆ ಆಗಬೇಕು. ಇಬ್ಬರೂ ಹಲ್ಲು ತೋರಿಸಲಿ. ಹೃದಯದಲ್ಲಿ ತೊಂದರೆ ಕಂಡರೆ ಅಥವಾ ಶುಗರ್ ಹಿಡಿತಕ್ಕೆ ಬಾರದಿದ್ದರೆ ಮುಂದೂಡಿ, ಅದರಲ್ಲಿ ರಾಜಿ ಇಲ್ಲ. ಎಲ್ಲ ಸರಿ ಇದ್ದರೆ ಹೋಗಲಿ ಎಂದೇ ನನ್ನ ಅಭಿಪ್ರಾಯ. ಆರು ತಿಂಗಳಿಗೆ ಒಪ್ಪಿಕೊಂಡು, ನಂತರ ಮುಂದುವರಿಸುವ ಅವಕಾಶ ಇದೆಯಾ ಎಂದು ಸಭಾಪಾಲಕರನ್ನು ಕೇಳಿ. ಇದ್ದರೆ ಅದು ಇನ್ನೂ ಒಳ್ಳೆಯದು. ಅಮ್ಮನಿಗೆ ಹಿಂದೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನೂ ಒಂದು ಸಲ ಕಂಡು, ಫೋನಿನಲ್ಲಿ ಮಾತಾಡಲು ಒಪ್ಪಿಸಿಕೊಳ್ಳಿ.

ಪರೀಕ್ಷೆಗೆ ಬರುವಾಗ ತಮ್ಮನನ್ನೂ ಕರೆದುಕೊಂಡು ಬನ್ನಿ. ಅವನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದೆಯಾ ನೋಡಿ. ಅವನಿಗೂ ಅಪ್ಪ ಅಮ್ಮನ ಜೊತೆಯಲ್ಲೇ ಹಳದಿ ಜ್ವರದ ಲಸಿಕೆ ಹಾಕಿಸಬೇಕು. ಅಲ್ಲಿಂದ ಒಂದು ರಾತ್ರಿ ಫೋನ್ ಬಂದರೆ, ಕಾರ್ಡ್ ಚಾಲ್ತಿಗೆ ಬರಲಿ ಎಂದು ಹತ್ತು ದಿನ ಕಾಯುತ್ತಾ ಕೂರಲು ಅವನಿಂದ ಆಗುವುದಿಲ್ಲ.